ಪ, ಬ, ಮ

ತುಟಿ ನೋಡಿ ಮಾತು ಹಿಡಿಯುವವರಿಗೆ ಕನ್ನಡದಲ್ಲಿ ಮೂರು ಅಕ್ಷರಗಳು ಹುಟ್ಟುವೈರಿಗಳು: ಪ, ಬ, ಮ. ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ, ಒಂದೇ ಥರ ತೆರೆಯುತ್ತದೆ. ನಂಬಿಕೆ ಬರದಿದ್ದರೆ ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ ‘ಪಾಪ’ ಎನ್ನಿ. ಆಮೇಲೆ ‘ಮಾಮ’ ಎನ್ನಿ. ಆಮೇಲೆ ‘ಬಾ ಬಾ’ ಎನ್ನಿ. ಕನ್ನಡಿಯಲ್ಲಿರುವವರು ಮೂರು ಸಲವೂ ಒಂದೇ ಮಾತು ಆಡಿರುತ್ತಾರೆ. ಕಿವಿ ಇದ್ದವರಿಗೆ ಇದೊಂದು ತಮಾಷೆ, ನಕ್ಕು ಮರೆತುಬಿಡಬಹುದು.

ತುಟಿಗಣ್ಣಿಗೆ ಒಂಬತ್ತು ತುಂಬಿದ ವರ್ಷ ಜ್ವರ ಬಂತು. ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ, ಎರಡು ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನೋಡಲು ಬಂದ ನೆಂಟರೆಲ್ಲ ಹಾಸಿಗೆಯ ಪಕ್ಕ ನಿಂತು ‘ಪಾಪ’ ಎಂದರು. ಹುಡುಗಿ ಪ್ರತಿ ಸಲವೂ ಬಾಗಿಲ ಕಡೆ ತಿರುಗಿದಳು, ಮಾಮ ಬಂದನೇನೋ ಎಂದು. ಮಾಮ ಬರಲಿಲ್ಲ. ವಿಷಯ ತಿಳಿದ ನೆಂಟರು ಬಿದ್ದು ಬಿದ್ದು ನಕ್ಕರು. ಅವಳ ಅಣ್ಣ ಅಂದೇ ನಾಮಕರಣ ಮಾಡಿದ: ಕಣ್ಣು ತುಟಿಗೇ ಅಂಟಿಕೊಂಡಿದೆ, ಅದಕ್ಕೆ ತುಟಿಗಣ್ಣಿ. ತಂದೆ ತಾಯಿ ಇಟ್ಟ ಹೆಸರು ಕಾಗದದಲ್ಲಿ ಉಳಿಯಿತು, ಅಣ್ಣ ಇಟ್ಟದ್ದು ಬಾಯಲ್ಲಿ ಉಳಿಯಿತು.

ಈಗ ಅವಳಿಗೆ ಮೂವತ್ತು ದಾಟಿದೆ. ಅಣ್ಣನ ಮನೆಯಲ್ಲೇ ಇದ್ದಾಳೆ. ಮನೆಯೆಂದರೆ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗ, ಅಲ್ಲೊಂದು ಚಾಪೆ. ಬಚ್ಚಲಿಗೆ ಹೋಗುವವರೆಲ್ಲ ಅವಳನ್ನು ದಾಟಿಕೊಂಡೇ ಹೋಗಬೇಕು. ಕಿವಿ ಇದ್ದವರಾದರೆ ಹೆಜ್ಜೆಯ ಸದ್ದಿಗೆ ಮೈ ಸರಿಸಿಕೊಳ್ಳುತ್ತಾರೆ. ಇವಳಿಗೆ ಯಾರೋ ಬಂದರೆಂದು ತಿಳಿಯುವುದು ಮೈಮೇಲೆ ಕಾಲು ಬಿದ್ದಾಗಲೇ. ಬೆಚ್ಚಿಬಿದ್ದು ಕಿರುಚುತ್ತಾಳೆ, ಅತ್ತಿಗೆ ಬಂದು ಬೈಯುತ್ತಾಳೆ, ಮನೆಯೆಲ್ಲ ಏಳುತ್ತದೆ. ಹಾಗಾಗಿ ತುಟಿಗಣ್ಣಿಗೆ ಲೋಕದಲ್ಲಿ ಬೇಕಾದದ್ದು ಒಂದೇ: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು. ಗಂಡ ಬೇಡ, ಚಿನ್ನ ಬೇಡ, ಚಿಲಕ ಸಾಕು.

ಕೆಲಸ ಇದ್ದದ್ದು ಒಂದು ಹಳೆಯ ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಸಾಣೆಗೆ ಹಿಡಿದು ಅಂಚು ತೀಡುವುದು, ಫ್ರೇಮನ್ನು ಬಿಸಿ ಮರಳಿನ ತಟ್ಟೆಯಲ್ಲಿ ಹುದುಗಿಸಿ ಮೆತ್ತಗೆ ಮಾಡಿ ಗಾಜು ಕೂರಿಸುವುದು, ಇರುವೆಯ ತಲೆಯಷ್ಟಿರುವ ಸ್ಕ್ರೂ ತಿರುಗಿಸುವುದು. ಅಂಗಡಿಯ ಯಜಮಾನರದು ಹೊಲಸು ಬಾಯಿ. ಮೊದಲ ದಿನದಿಂದಲೂ ಅವಳನ್ನು ‘ಕೆಪ್ಪಿ’ ಎಂದೇ ಕರೆದರು. “ಏ ಕೆಪ್ಪಿ, ಎಡದ ಗಾಜು ಬಲಕ್ಕೆ ಹಾಕಿದೀಯಲ್ಲೇ” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು, ಕೇಳಬೇಕಾದವಳೊಬ್ಬಳನ್ನು ಬಿಟ್ಟು.

ಆಗ ಅವರಿಗೆ ಪೊರಕೆಯಂಥ ಮೀಸೆ ಇತ್ತು. ಮೇಲ್ದುಟಿ ಎನ್ನುವುದು ಇದೆಯೋ ಇಲ್ಲವೋ ಎಂದು ಹೆಂಡತಿಗೂ ಗೊತ್ತಿರಲಿಲ್ಲವಂತೆ. ಮೊದಲ ವಾರವೆಲ್ಲ ತುಟಿಗಣ್ಣಿ ತಪ್ಪಿನ ಮೇಲೆ ತಪ್ಪು ಮಾಡಿದಳು, ಯಜಮಾನರು ಉರಿದುಬಿದ್ದರು. ಕೊನೆಗೆ ಅಳು ತಡೆದುಕೊಂಡು, ನಿಮ್ಮ ಮಾತು ಕಾಣಿಸುವುದಿಲ್ಲ, ಮೀಸೆಯೊಳಗೆ ಮುಳುಗಿಹೋಗುತ್ತದೆ ಎಂದಳು. ಮಾರನೆಯ ದಿನ ಯಜಮಾನರು ಬೋಳು ತುಟಿ ಹೊತ್ತು ಅಂಗಡಿಗೆ ಬಂದರು. ಬೀದಿಗೆ ಬೀದಿಯೇ ನಕ್ಕಿತು. ಎದುರಿನ ಕ್ಷೌರಿಕ ಅಂಗಡಿ ಬಿಟ್ಟು ಹೊರಬಂದು ನೋಡಿದ. ಸೆಕೆ ಅಂತ ತೆಗೆಸಿದೆ, ನಿಮ್ಮದೇನು ಗಂಟು ಹೋಗಿದ್ದು ಎಂದು ಎಲ್ಲರ ಮೇಲೂ ರೇಗಿದರು. ಅವಳಿಗೆ ಮಾತ್ರ ಒಂದು ಷರತ್ತು ಹಾಕಿದರು: “ಬೆಳಕಿಗೆ ಮುಖ ಕೊಟ್ಟು ಹೇಳ್ತೀನಿ. ಆದ್ರೆ ಒಂದೇ ಸಲ. ಎರಡನೇ ಸಲ ಹೇಳೋಕೆ ನಾನೇನು ಗಿಳಿಯಲ್ಲ.” ಅಂದಿನಿಂದ ಎಂಟು ವರ್ಷ, ಬೈಗುಳವಾದರೂ ಸರಿ, ಬೆಳಕಿನ ಕಡೆ ತಿರುಗಿಯೇ ಬೈದರು, ಒಂದು ಮಾತನ್ನು ಎರಡು ಸಲ ಆಡಲಿಲ್ಲ. ಆ ಮೀಸೆ ಯಾರಿಗಾಗಿ ಹೋಯಿತೆಂದು ತುಟಿಗಣ್ಣಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳು ಮಾಡಿದ್ದನ್ನು ಮುಂದೆ ಹೇಳುತ್ತೇನೆ, ನನಗೇ ಬಾಯಿ ಕಹಿಯಾಗುತ್ತದೆ.

ಒಂದು ದಿನ ಅಂಗಡಿಗೆ ಒಬ್ಬ ಮ್ಯಾನೇಜರ್ ಬಂದ. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ನಗು. ಕನ್ನಡಕದ ಒಂದು ದೊಡ್ಡ ಕಂಪನಿಯ ಒಡತಿ ಟ್ರಸ್ಟ್ ಮಾಡಿದ್ದಾರೆ, ಅಂಗವಿಕಲರೇ ನಡೆಸುವ ದೊಡ್ಡದೊಂದು ಮಳಿಗೆ ತೆರೆಯುತ್ತಾರೆ, ‘ಎಲ್ಲರೂ ನಮ್ಮವರೇ’ ಅಂತ ಅದರ ಹೆಸರು, ಕೆಲಸ ಬಲ್ಲವರು ಬೇಕಾಗಿದ್ದಾರೆ ಎಂದ. ಮೊದಲು ಕೆಲವು ದಿನ ಬಂದು ಹೋಗಲಿ, ನೋಡೋಣ. ಆರಿಸಿಕೊಂಡವರ ಹೆಸರನ್ನು ಮಳಿಗೆಯ ಬಾಗಿಲ ಗೋಡೆಯ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುತ್ತಾರೆ. ಗೋಡೆಯ ಮೇಲೆ ಹೆಸರು ಬಂತೆಂದರೆ ಕೆಲಸ ಕಾಯಂ. ಆ ಪೈಕಿ ಒಬ್ಬರಿಗೆ ಮಹಡಿಯ ಮೇಲೆ ಇರಲು ಕೋಣೆಯೂ ಉಂಟು.

ತುಟಿಗಣ್ಣಿ ಕೇಳಿದ್ದು ಒಂದೇ ಪ್ರಶ್ನೆ, ಕೋಣೆಗೆ ಚಿಲಕ ಇದೆಯೋ ಎಂದು. ಇದೆ ಎಂದ.

ಯಜಮಾನರು ಮುಖ ಗಂಟಿಕ್ಕಿಕೊಂಡರೂ ಅಡ್ಡ ಬರಲಿಲ್ಲ. ಬೆಳಗಿನ ಹೊತ್ತು ಅಲ್ಲಿಗೆ ಹೋಗು, ಮಧ್ಯಾಹ್ನ ಇಲ್ಲಿಗೆ ಬಾ ಎಂದರು. ಆಮೇಲೆ ಬೆಳಕಿಗೆ ತಿರುಗಿ ಇನ್ನೊಂದು ಮಾತು ಸೇರಿಸಿದರು: “ಸಕ್ಕರೆ ಬಾಯಿಯವರನ್ನ ನಂಬಬೇಡ. ನಿನ್ನ ಸ್ಟೂಲು ಇಲ್ಲೇ ಇರುತ್ತೆ.”

ಟ್ರಸ್ಟಿನ ಒಡತಿಯನ್ನು ಎಲ್ಲರೂ ಅಮ್ಮಾವರು ಎನ್ನುತ್ತಿದ್ದರು. ತುಂಬು ಮೈ, ತುಟಿಗೆ ಗಾಢ ಕೆಂಪು. ಆ ಕೆಂಪಿನಿಂದಾಗಿ ಅವರ ಮಾತು ಮೂವತ್ತು ಅಡಿ ಆಚೆಯಿಂದಲೂ ಕಾಣುತ್ತಿತ್ತು, ತುಟಿಗಣ್ಣಿಗೆ ಅಷ್ಟಕ್ಕೇ ಅವರ ಮೇಲೆ ಅಕ್ಕರೆ ಹುಟ್ಟಿಬಿಟ್ಟಿತು. ಮೊದಲ ದಿನವೇ ಅಮ್ಮಾವರು ಎಲ್ಲರನ್ನೂ ಕೂರಿಸಿಕೊಂಡು ಒಂದು ಕಟ್ಟಪ್ಪಣೆ ಹೇಳಿದರು. ಈ ಕಟ್ಟಡದಲ್ಲಿ ಯಾರೂ ಯಾರನ್ನೂ ನೋಡಿ ‘ಪಾಪ’ ಅನ್ನಕೂಡದು. ಪಾಪ ಅಂದರೆ ಆಚೆ ಇಟ್ಟ ಹಾಗೆ, ನಾವು ಒಳಗೆ ಕರೆದುಕೊಳ್ಳುವವರು. ಮಾತಿನಲ್ಲಿ ಹೇಳಿದರೆ ಸಾಲದೆಂದು ಬೋರ್ಡು ಬರೆಯುವವನನ್ನು ಕರೆಸಿ, ಅಂಗೈ ಅಗಲದ ಅಕ್ಷರದಲ್ಲಿ ‘ಇಲ್ಲಿ ಪಾಪ ಎನ್ನುವಂತಿಲ್ಲ’ ಎಂದು ಬರೆಸಿ ಮಹಡಿ ಮೆಟ್ಟಿಲ ಪಕ್ಕ ತೂಗುಹಾಕಿಸಿದರು. ತುಟಿಗಣ್ಣಿ ಅದನ್ನು ಓದಿ ಕಣ್ಣಲ್ಲಿ ನೀರು ತಂದುಕೊಂಡಳು. ಇಪ್ಪತ್ತು ಚಿಲ್ಲರೆ ವರ್ಷ ಎಲ್ಲರ ತುಟಿಯ ಮೇಲೂ ನೋಡಿ ನೋಡಿ ಸಾಕಾಗಿದ್ದ ಮಾತು ಅದು.

ಮಳಿಗೆಯಲ್ಲಿ ಎಲ್ಲಿ ನೋಡಿದರೂ ಗಾಜು. ಆಫೀಸಿನ ಗೋಡೆಯೂ ಗಾಜೇ, ನಮ್ಮಲ್ಲಿ ಮುಚ್ಚುಮರೆ ಇಲ್ಲ ಎಂದು ಅಮ್ಮಾವರು ಹೆಮ್ಮೆಪಡುತ್ತಿದ್ದರು. ಮೂರನೆಯ ವಾರ ತುಟಿಗಣ್ಣಿ ಸಾಣೆಯ ಮುಂದೆ ಕೂತಿದ್ದಾಗ, ಆಫೀಸಿನೊಳಗೆ ಅಮ್ಮಾವರು, ಮ್ಯಾನೇಜರ್ ಮತ್ತು ಬೋರ್ಡಿನವನು ಗೋಡೆಯ ಹೆಸರುಗಳ ಬಗ್ಗೆ ಮಾತಾಡುತ್ತಿದ್ದರು. ಮ್ಯಾನೇಜರನ ಬೆನ್ನು ಅಡ್ಡ ಇದ್ದದ್ದರಿಂದ ಅರ್ಧ ಮಾತು ಅವಳಿಗೆ ದಕ್ಕಲಿಲ್ಲ. ಅವನು ಸ್ವಲ್ಪ ಸರಿದ. ಅಮ್ಮಾವರು ಗಾಜಿನಾಚೆಯಿಂದ ನೇರ ಇವಳತ್ತ ಕೈ ತೋರಿಸಿದರು. ಕೆಂಪು ತುಟಿ ಆಡಿತು: ಅವಳ ಹೆಸರು. ತುಟಿ ಒಮ್ಮೆ ಮುಚ್ಚಿ ತೆರೆಯಿತು, ಇನ್ನೊಮ್ಮೆ ಮುಚ್ಚಿ ತೆರೆಯಿತು. ಮರೀಬೇಡಿ.

ಅವಳ ಹೆಸರು ಮರೀಬೇಡಿ!

ಬೋರ್ಡಿನವನು ತಲೆಯಾಡಿಸಿದ. ಬೇರೆ ಯಾವತ್ತಾದರೂ ಆಗಿದ್ದರೆ ಅವಳು ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ, ಪ ಇರಬಹುದೇ, ಬ ಇರಬಹುದೇ ಎಂದು ಒರೆಗೆ ಹಚ್ಚಿ ನೋಡುತ್ತಿದ್ದಳು. ಅದು ಅವಳ ರೂಢಿ. ಅವತ್ತು ನೋಡಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಇವಳ ಕಣ್ಣಿಗೆ ಅವತ್ತು ಎಲ್ಲೆಲ್ಲೂ ಚಿಲಕ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹೊಲಿದ ಕುಲಾವಿಯಿಂದ ಇನ್ನೊಬ್ಬರ ಕೆನ್ನೆಗೆ ಬಾರಿಸುವವರು ಕಡಿಮೆ. ಮಧ್ಯಾಹ್ನ ತುಟಿಗಣ್ಣಿ ಹಳೆಯ ಅಂಗಡಿಗೆ ಹೋದಳು. ಗಿರಾಕಿಗಳಿದ್ದರು. ಯಜಮಾನರು ಎಂದಿನಂತೆ, “ಏನೇ ಕೆಪ್ಪಿ, ತಡ ಆಯ್ತು” ಎಂದರು, ಮುಖ ಬೆಳಕಿಗೆ ಕೊಟ್ಟು. ಅವಳು ಕೂರಲಿಲ್ಲ. ತನ್ನ ದನಿ ಎಷ್ಟು ಎತ್ತರಕ್ಕೆ ಹೋಗುತ್ತದೆಂದು ಅವಳಿಗೆ ಯಾವತ್ತೂ ತಿಳಿಯುವುದಿಲ್ಲ, ಅವತ್ತು ತಿಳಿದಿದ್ದರೂ ಇಳಿಸುತ್ತಿರಲಿಲ್ಲ.

“ನಾಳೆಯಿಂದ ಬರಲ್ಲ. ಕೆಪ್ಪಿ ಅನ್ನೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ. ನಿಮ್ಮ ಬೋಳು ಮೂತಿ ನೋಡಿ ನೋಡಿ ನನ್ನ ಕಣ್ಣು ಸವೆದು ಹೋಯ್ತು. ಇನ್ಮೇಲಾದ್ರೂ ಮೀಸೆ ಬಿಟ್ಟು ಗಂಡಸಿನ ಥರ ಕಾಣಿ.”

ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ. ಎದುರಿನ ಕ್ಷೌರಿಕನೂ ಕೇಳಿಸಿಕೊಂಡ, ಅಂದ ಮೇಲೆ ಬೀದಿಯೂ ಕೇಳಿಸಿಕೊಂಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಜಮಾನರ ಕೈ ತಾನಾಗಿಯೇ ಮೇಲ್ದುಟಿಗೆ ಹೋಗಿ ಅದನ್ನು ಮುಚ್ಚಿಕೊಂಡಿತು. ಹೊಲಸು ಬಾಯಿಯ ಮನುಷ್ಯ, ಬೈಗುಳದ ಗಣಿ, ಅವತ್ತು ಒಂದು ಬೈಗುಳವನ್ನೂ ತೆಗೆಯಲಿಲ್ಲ. ಕೈ ಸರಿಸಿ, ಬೆಳಕಿಗೆ ತಿರುಗಿ, ಒಂದೇ ಸಲ, “ಆಯ್ತು” ಎಂದರು.

ಮನೆಯಲ್ಲಿ ಅತ್ತಿಗೆಗೂ ಸುದ್ದಿ ಹೇಳಿದಳು. ಅತ್ತಿಗೆಗೆ ಇಷ್ಟು ವರ್ಷದಲ್ಲಿ ನಾದಿನಿಯ ಮೇಲೆ ಪ್ರೀತಿ ಉಕ್ಕಿದ್ದು ಅದೇ ಮೊದಲು. ಚಾಪೆಯ ಜಾಗದಲ್ಲಿ ಬಟ್ಟೆ ಒಗೆಯುವ ಮೆಷಿನ್ನು ಎಷ್ಟು ಚೆನ್ನಾಗಿ ಕೂರುತ್ತದೆಂದು ಆ ಸಂಜೆಯೇ ಅಳತೆ ಹಿಡಿದು ನೋಡಿದಳು.

ಆಮೇಲಿನ ದಿನಗಳಲ್ಲಿ ತುಟಿಗಣ್ಣಿ ಹೊಸ ಮಳಿಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ದುಡಿದಳು. ಕೆಲಸ ಬಲ್ಲವಳು ಅಲ್ಲಿ ಅವಳೊಬ್ಬಳೇ. ಉಳಿದವರಿಗೆಲ್ಲ ಕಲಿಸುವ ಹೊಣೆ ಅವಳದೇ ಎಂದು ಮ್ಯಾನೇಜರ್ ಬೆನ್ನು ತಟ್ಟಿದ. ಅದರಲ್ಲೂ ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಹುಡುಗಿಗೆ. ಚುರುಕು ಹುಡುಗಿ. ತುಟಿಗಣ್ಣಿಯ ಜೊತೆ ಮಾತಾಡುವಾಗ ತಾನಾಗಿಯೇ ಮುಖ ಎತ್ತಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಅವಳ ಕಣ್ಣು, ಗುಂಗುರು ಕೂದಲು ನೋಡಿ ಅಮ್ಮಾವರು ಹೋಗುತ್ತ ಬರುತ್ತ ಗಲ್ಲ ಸವರುವುದು ತುಟಿಗಣ್ಣಿಗೆ ಸೇರುತ್ತಿರಲಿಲ್ಲ. ಇವಳು ಆ ಹುಡುಗಿಯನ್ನು ‘ಗಾಲಿ’ ಎಂದು ಕರೆದಳು. ಕೆಪ್ಪಿ ಎನ್ನಿಸಿಕೊಂಡವಳಿಗೆ ಇನ್ನೊಬ್ಬರಿಗೆ ಹೆಸರಿಡುವುದರಲ್ಲಿ ಎಷ್ಟು ಸುಖವಿತ್ತೆಂದರೆ ದಿನಕ್ಕೆ ನೂರು ಸಲ ಕರೆದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಸ್ಕ್ರೂ ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿಟ್ಟಳು. ಕುರ್ಚಿಯಲ್ಲಿ ಕೂತವರ ಕೈಗೆ ಅದು ಎಟುಕುವುದಿಲ್ಲ. ಒಂದೊಂದು ಸ್ಕ್ರೂ ಬೇಕಾದಾಗಲೂ ಹುಡುಗಿ ಇವಳ ತೋಳು ಮುಟ್ಟಿ, ತಲೆ ಎತ್ತಿ, ಅಕ್ಕಾ ಎಂದು ಬೇಡಬೇಕು. ತುಟಿಗಣ್ಣಿ ಬೇಕೆಂದೇ ಕೆಲಸದಲ್ಲಿ ಮುಳುಗಿದಂತೆ ನಟಿಸಿ, ಮೂರನೆಯ ಸಲ ಮುಟ್ಟಿದಾಗ ತಿರುಗುತ್ತಿದ್ದಳು. ಡಬ್ಬಿ ಕೆಳಗೆ ಇಟ್ಟರೆ ಆಗಲ್ವಾ ಅಕ್ಕಾ ಎಂದು ಹುಡುಗಿ ಒಮ್ಮೆ ಕೇಳಿದಳು. ನಿನಗೆ ಕಾಲಿಲ್ಲ ಅಂತ ಕಪಾಟಿಗೂ ಕಾಲು ಕತ್ತರಿಸಬೇಕಾ ಎಂದು ಇವಳು ಉತ್ತರ ಕೊಟ್ಟಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವ ಗಾದೆಯಲ್ಲಿ ಸೊಸೆ ಆಗಿದ್ದವಳೇ ಅತ್ತೆಯಾಗುವುದಲ್ಲವೇ.

ಗೋಡೆಯ ಹೆಸರುಗಳನ್ನು ಬೋರ್ಡಿನವನು ಬರೆದು, ಮೇಲೊಂದು ರೇಷ್ಮೆ ಪರದೆ ಇಳಿಬಿಟ್ಟಿದ್ದ. ಉದ್ಘಾಟನೆಯವರೆಗೂ ಯಾರೂ ನೋಡುವಂತಿರಲಿಲ್ಲ. ತುಟಿಗಣ್ಣಿ ದಿನಾ ಅದರ ಮುಂದೆ ಹಾದುಹೋಗುವಾಗ, ಅಕ್ಕನಂತೆ, ಪರದೆಯ ಅಂಚು ನೇರ ಮಾಡಿ ಹೋಗುತ್ತಿದ್ದಳು.

ಉದ್ಘಾಟನೆಯ ದಿನ ಹೊರಗಿನಿಂದ ಮುದಿ ದಾನಿಯೊಬ್ಬರು ಬಂದಿದ್ದರು, ಬಹಳ ದೊಡ್ಡ ಕುಳ. ಅವರು ಕೈ ಬಿಚ್ಚಿದರೆ ಇಂಥ ಇನ್ನೂ ಹತ್ತು ಮಳಿಗೆ ಏಳುತ್ತವೆ ಎಂದು ಮ್ಯಾನೇಜರ್ ಹೇಳಿದ್ದ. ವೇದಿಕೆಗೆ ಐದಾರು ಮೆಟ್ಟಿಲು. ಎಲ್ಲರನ್ನೂ ಒಳಗೊಳ್ಳುವ ಮಳಿಗೆಯ ವೇದಿಕೆಗೆ ಮೆಟ್ಟಿಲು ಕಟ್ಟಿದ ಪುಣ್ಯಾತ್ಮ ಯಾರೋ! ಗಾಲಿಕುರ್ಚಿಯ ಹುಡುಗಿಯನ್ನು ಕುರ್ಚಿ ಸಮೇತ ನಾಲ್ಕು ಜನ ಎತ್ತಿ ಮೇಲಿಟ್ಟರು, ಫೋಟೋದವರು ಸರಿಯಾಗಿ ಬರಲಿಲ್ಲವೆಂದು ಇಳಿಸಿ ಇನ್ನೊಮ್ಮೆ ಎತ್ತಿಸಿದರು. ಹುಡುಗಿ ಎರಡು ಸಲವೂ ನಗಬೇಕಾಯಿತು.

ದಾನಿಗಳು ದಾರ ಎಳೆದರು, ಪರದೆ ಜಾರಿತು. ಬಂಗಾರದ ಅಕ್ಷರಗಳು. ಮೊದಲನೆಯದೇ ಗಾಲಿಕುರ್ಚಿಯ ಹುಡುಗಿಯ ಹೆಸರು. ಅದರ ಕೆಳಗೆ ಊರುಗೋಲಿನವನದು, ಅದರ ಕೆಳಗೆ ಒಂದೇ ಕೈಯವನದು. ತುಟಿಗಣ್ಣಿ ಮೇಲಿನಿಂದ ಕೆಳಗೆ ಓದಿದಳು, ಕೆಳಗಿನಿಂದ ಮೇಲೆ ಓದಿದಳು. ಅವಳ ಹೆಸರಿರಲಿಲ್ಲ. ಅಷ್ಟರಲ್ಲಿ ಅಮ್ಮಾವರು ಮಹಡಿಯ ಕೋಣೆಯ ಕೀಲಿಕೈಯನ್ನು ಗಾಲಿಕುರ್ಚಿಯ ಹುಡುಗಿಯ ತೊಡೆಯ ಮೇಲಿಟ್ಟರು. ಮಹಡಿಗೆ ಹೋಗಲು ಇದ್ದದ್ದು ಕಡಿದಾದ ಮೆಟ್ಟಿಲೊಂದೇ. ಆ ಕುರ್ಚಿ ಅಲ್ಲಿಗೆ ಹತ್ತುವುದು ಹೇಗೆಂದು ಯಾರೂ ಕೇಳಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು.

ತುಟಿಗಣ್ಣಿ ಎದ್ದು ನಿಂತಿದ್ದಳು. ಸಭೆಯಲ್ಲಿ ಎದ್ದು ನಿಂತವಳು ಅವಳೊಬ್ಬಳೇ. ದಾನಿಗಳು ಅವಳತ್ತ ನೋಡಿ ಏನೋ ಕೇಳಿದರು. ಅಮ್ಮಾವರು ಅವಳನ್ನೇ ನೋಡುತ್ತ, ತುಸು ಓರೆಯಾಗಿ ದಾನಿಗಳತ್ತ ಬಾಗಿದರು. ಕೆಂಪು ತುಟಿ ಮುಚ್ಚಿ ತೆರೆಯಿತು, ಮುಚ್ಚಿ ತೆರೆಯಿತು.

ಬಾ ಬಾ!

ಹೋದ ಜೀವ ಬಂದಂತಾಯಿತು. ಗೋಡೆಯ ಮೇಲೆ ಹತ್ತರಲ್ಲಿ ಹನ್ನೊಂದಾಗಿ ಬರೆಯದೆ, ಎಲ್ಲರೆದುರು ಬೇರೆಯಾಗಿ ಕರೆಯಲೆಂದೇ ಬಿಟ್ಟಿದ್ದಾರೆ. ಅವಳು ಕುರ್ಚಿಗಳನ್ನು ಸರಿಸಿಕೊಂಡು, ಪಾದಗಳನ್ನು ತುಳಿದುಕೊಂಡು, ಮೆಟ್ಟಿಲು ಹತ್ತಿ ಮೈಕಿನ ಪಕ್ಕ ಹೋಗಿ ನಿಂತಳು.

“ಕರೆದ್ರಲ್ಲ ಅಮ್ಮಾವ್ರೇ, ಬಂದೆ.”

ಮೈಕು ಆ ಮಾತನ್ನು ಇಡೀ ಕಟ್ಟಡಕ್ಕೆ ಹಂಚಿತು. ಮುಂದಿನ ಸಾಲಿನಲ್ಲಿ ಹಲ್ಲು ಕಂಡವು, ಹಿಂದಿನ ಸಾಲಿನಲ್ಲಿ ಬಾಯಿಗೆ ಕೈ ಹೋದದ್ದು ಕಂಡಿತು. ಸದ್ದಿಲ್ಲದ ನಗು ಎಷ್ಟು ಕೆಟ್ಟದಾಗಿ ಕಾಣುತ್ತದೆಂದು ಕಿವಿ ಇದ್ದವರಿಗೆ ಗೊತ್ತಿಲ್ಲ. ಅಮ್ಮಾವರು ಅನುಭವಸ್ಥೆ, ಒಂದು ಚೂರೂ ವಿಚಲಿತರಾಗಲಿಲ್ಲ. ಇವಳನ್ನು ಬರಸೆಳೆದು ತಬ್ಬಿಕೊಂಡರು, ಫೋಟೋದವರು ತೆಗೆಯುವಷ್ಟು ಹೊತ್ತು ಹಾಗೇ ಹಿಡಿದುಕೊಂಡರು, ಇವಳ ತಲೆಯ ಮೇಲಿನಿಂದ ಸಭೆಗೆ ಏನೋ ಹೇಳಿದರು. ಅಮ್ಮಾವರ ಹೆಗಲಿಗೆ ಮುಖ ಒತ್ತಿದ್ದವಳಿಗೆ ಅದ್ಯಾವುದೂ ಕಾಣಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಯಾರಿಗೋ ಕೊಟ್ಟು ಉಳಿದಿದ್ದ ಹೂಗುಚ್ಛವೊಂದನ್ನು ಮ್ಯಾನೇಜರ್ ಅವಳ ಕೈಗೆ ತುರುಕಿ, ಮೊಣಕೈ ಹಿಡಿದು ಕೆಳಗಿಳಿಸಿದ.

ಗೋಡೆಯ ಪಕ್ಕ ಬೋರ್ಡಿನವನು ಬಣ್ಣದ ಡಬ್ಬಿ ಹಿಡಿದು ನಿಂತಿದ್ದ, ಎಲ್ಲಾದರೂ ಉದುರಿದರೆ ತೇಪೆ ಹಾಕಲು. ತುಟಿಗಣ್ಣಿ ಹೋಗಿ ಅವನ ಅಂಗಿ ಹಿಡಿದಳು.

“ನನ್ನ ಹೆಸರು ಮರೆತೆ ಅಲ್ವಾ?”

“ನಾನ್ಯಾಕಮ್ಮ ಮರೀಲಿ? ಅವ್ರೇ ಬರೀಬೇಡಿ ಅಂದ್ರು.”

ಅವಳು ಉರಿದುಹೋದಳು. ಹೌದು, ಮರೀಬೇಡಿ ಅಂದರು, ನಾನೇ ಕಣ್ಣಾರೆ ಕಂಡಿದ್ದೇನೆ, ಅಂದರೂ ಮರೆತೆಯಲ್ಲೋ ಎಂದು ಕೂಗಾಡಿದಳು. ಅವನು ಗಾಬರಿಯಾಗಿ, ಮರೀಬೇಡಿ ಅಲ್ಲಮ್ಮ, ಬರೀಬೇಡಿ ಎಂದ. ಅವಳಿಗೆ ಕಂಡದ್ದು ಒಂದೇ ಮಾತು, ಎರಡು ಸಲ. ಅವನು ಬಿಡಿಸಿ ಹೇಳಿದ. ಮತ್ತೆ ಅದೇ ಎರಡು ಸಲ. ಹುಚ್ಚು ಹಿಡಿಸುತ್ತಿದ್ದಾನೆಂದು ಅವಳು ಅವನ ಎದೆಗೆ ಗುದ್ದಿದಳು. ಪಾಪದವನು, ಅವನಿಗೂ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಡಬ್ಬಿಯಿಂದ ಕುಂಚ ತೆಗೆದ. ಗಾಳಿಯಲ್ಲಿ ಅವಳ ಹೆಸರು ಬರೆಯುವವನಂತೆ ಕುಂಚ ಆಡಿಸಿದ. ಆಮೇಲೆ ಇನ್ನೊಂದು ಕೈಯನ್ನು ಅದರ ಮುಂದೆ ಅಡ್ಡಡ್ಡ ಅಲ್ಲಾಡಿಸಿದ.

ಬರೀ. ಬೇಡಿ.

ಯಾಕೆ ಎಂದಳು. ಅವನು ನೆಲ ನೋಡಿಕೊಂಡೇ ಹೇಳಲು ಹೋದ, ಅವಳು ಗದ್ದ ಹಿಡಿದು ಮುಖ ಎತ್ತಿದಳು. “ನೋಡಿದ್ರೆ ನಿಮಗೆ ಕಿವಿ ಇಲ್ಲ ಅಂತ ಗೊತ್ತೇ ಆಗಲ್ಲವಂತೆ. ಮಾತೂ ಆಡ್ತೀರಿ. ಕೊಡೋರಿಗೆ ಕಣ್ಣಿಗೆ ಕಾಣೋ ಅಂಥದ್ದು ಬೇಕಂತೆ. ಎಲ್ಲರಿಗೂ ಕೆಲಸ ಕಲ್ಸೋವರೆಗೂ ಇರ್ಲಿ, ಹೆಸರು ಮಾತ್ರ ಬೇಡ ಅಂದ್ರು.”

ಈ ಸಲ ಎಲ್ಲವೂ ಕಂಡಿತು, ಒಂದಕ್ಷರವೂ ತಪ್ಪಲಿಲ್ಲ. ಆದರೂ ಆಸೆ ಎನ್ನುವುದು ಸುಲಭಕ್ಕೆ ಸಾಯುವ ಪ್ರಾಣಿಯಲ್ಲ. ಹಾಗಾದರೆ ಈಗ ಬಾ ಬಾ ಅಂತ ಯಾಕೆ ಕರೆದರು ಎಂದು ಕೇಳಿದಳು. ಬೋರ್ಡಿನವನು ವೇದಿಕೆಯ ಹತ್ತಿರವೇ ಇದ್ದವನು, ಕೇಳಿಸಿಕೊಂಡಿದ್ದ. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಈಗ ಅವನಿಗೂ ಗೊತ್ತು. ಅವಳ ಮಣಿಕಟ್ಟು ಹಿಡಿದು ಮಹಡಿ ಮೆಟ್ಟಿಲ ಪಕ್ಕಕ್ಕೆ ಕರೆದುಕೊಂಡು ಹೋಗಿ, ತಾನೇ ಅಂಗೈ ಅಗಲದ ಅಕ್ಷರದಲ್ಲಿ ಬರೆದಿದ್ದ ಬೋರ್ಡಿನ ಎರಡನೆಯ ಪದದ ಕೆಳಗೆ ಬೆರಳಿಟ್ಟ.

ಅವಳು ಅದನ್ನು ಓದಿ, ಅವನ ಅಂಗಿ ಸರಿಮಾಡಿ, ಹೊರಗೆ ನಡೆದಳು.

ಹೋಗುವುದಾದರೂ ಎಲ್ಲಿಗೆ? ಮನೆಯ ಓಣಿಯಲ್ಲಿ ಅವಳ ಚಾಪೆಯ ಜಾಗಕ್ಕೆ ಅಂದು ಬೆಳಿಗ್ಗೆಯೇ ಮೆಷಿನ್ನು ಬಂದು ಕೂತಾಗಿತ್ತು. ಕಾಲು ತಾನಾಗಿಯೇ ಹಳೆಯ ಬೀದಿಗೆ ತಿರುಗಿತು. ಎರಡು ತಿಂಗಳಾಗಿತ್ತು ಆ ಕಡೆ ಬಂದು. ಕಾಲಿಗೆ ಬೀಳುತ್ತೇನೆ, ಕೆಪ್ಪಿ ಅನ್ನಲಿ, ಇನ್ನೂ ಕೆಟ್ಟದ್ದು ಅನ್ನಲಿ, ಬೀದಿಯೆದುರು ಅನ್ನಲಿ, ಅಂಗಡಿಯ ಹಿಂದಿನ ಸಾಮಾನಿನ ಕೋಣೆಯಲ್ಲಿ ಮಲಗುತ್ತೇನೆಂದು ಕೇಳುತ್ತೇನೆ. ಅದಕ್ಕೂ ಒಂದು ಚಿಲಕ ಇದೆ. ಹೀಗೆಲ್ಲ ಅಂದುಕೊಂಡು ಅಂಗಡಿಯ ಮುಂದೆ ಬಂದು ನಿಂತಳು. ಹೂಗುಚ್ಛ ಇನ್ನೂ ಕೈಯಲ್ಲೇ ಇದೆಯೆಂಬುದು ಅವಳಿಗೆ ಮರೆತುಹೋಗಿತ್ತು.

ಒಳಗೆ ಒಬ್ಬ ಗಿರಾಕಿ ಇದ್ದ, ಗಡ್ಡ ಮೀಸೆ ಇಲ್ಲದ ನುಣ್ಣನೆಯ ಮುಖದವನು. ಅವನ ಒಂದು ಕೈಯಲ್ಲಿ ಬಿಚ್ಚಿದ ಫ್ರೇಮು, ಇನ್ನೊಂದು ಅಂಗೈಯಲ್ಲಿ ಎರಡು ಗಾಜು. ಯಜಮಾನರು ಸ್ಕ್ರೂ ಹುಡುಕುತ್ತಿದ್ದರು. ಅವಳ ಸ್ಟೂಲಿನ ಮೇಲೆ ಡಬ್ಬಿಗಳನ್ನು ಪೇರಿಸಿದ್ದರು. ನೆರಳು ಬಿದ್ದದ್ದಕ್ಕೆ ಯಜಮಾನರು ತಲೆ ಎತ್ತಿದರು.

ಮೀಸೆ ಬೆಳೆದಿತ್ತು. ಮೊದಲಿನದಕ್ಕಿಂತ ದಪ್ಪ, ಪೂರ್ತಿ ಬೆಳ್ಳಗೆ, ಕೆಳದುಟಿಯವರೆಗೂ ಇಳಿದಿತ್ತು. ಇವಳೇ ಹೇಳಿ ಬೆಳೆಸಿದ ಮೀಸೆ.

ಯಜಮಾನರು ಹೂಗುಚ್ಛ ನೋಡಿದರು, ಅದನ್ನು ಹಿಡಿದ ಮುಖ ನೋಡಿದರು. ಎಂಟು ವರ್ಷದ ಅಭ್ಯಾಸ, ತಾವೇ ತಾವಾಗಿ ಬೆಳಕಿನ ಕಡೆ ತಿರುಗಿದರು.

“ಡಬ್ಬಿ ಕೆಳಗಿಟ್ಟು ಕೂತ್ಕೋ. ಬಾ.”

ಗಿರಾಕಿಗೆ ಕೇಳಿಸಿತು. ತುಟಿಗಣ್ಣಿಗೆ ಕಂಡದ್ದು ಬಿಳಿ ಕೂದಲು ಒಂಚೂರು ಅಲುಗಿ ನಿಂತದ್ದು, ಅಷ್ಟೇ. ಹೋಗು ಅಂದರೋ, ಹಾಳಾಗು ಅಂದರೋ, ಇನ್ನೇನಂದರೋ. “ಏನಂದ್ರಿ?” ಎಂದಳು, ಮತ್ತೆ ಬೀದಿಗೆಲ್ಲ ಕೇಳುವಂತೆ. ಎದುರಿನ ಕ್ಷೌರಿಕ ಕತ್ತರಿ ನಿಲ್ಲಿಸಿ ಇತ್ತ ನೋಡಿದ.

ಯಜಮಾನರ ಮುಖ ಬಿಗಿಯಿತು. ಕೈಯಲ್ಲಿ ಹೂವು ಹಿಡಿದು, ಎಲ್ಲರೆದುರು ತನ್ನ ಬಾಯಿಂದ ಎರಡನೇ ಸಲ ಬೇಡಿಸಿಕೊಳ್ಳಲು ಬಂದಿದ್ದಾಳೆ ಎಂದುಕೊಂಡರು. ಮುಖದ ಮೇಲೆ ಮೀಸೆ ಇದೆ ಎನ್ನುವುದು ಮೀಸೆ ಇರುವವನಿಗೆ ನೆನಪಿರುವುದಿಲ್ಲ. ಅವರು ತಲೆ ತಗ್ಗಿಸಿ ಸ್ಕ್ರೂ ಹುಡುಕತೊಡಗಿದರು.

ತುಟಿಗಣ್ಣಿ ಕಾದಳು. ಬೆಳಕಿಗೆ ತಿರುಗಿ ಬೈಯಲೆಂದು ಕಾದಳು, ಕೆಪ್ಪಿ ಎನ್ನಲೆಂದು ಕಾದಳು. ಆಮೇಲೆ ಹೂಗುಚ್ಛವನ್ನು ಹೊಸ್ತಿಲ ಮೇಲಿಟ್ಟು ಹೊರಟಳು.

ಗಿರಾಕಿ, ಅವರಿಗೆ ತಿಳೀಲಿಲ್ಲ ಅಂತ ಕಾಣುತ್ತೆ, ಇನ್ನೊಂದು ಸಲ ಹೇಳಬಾರದೇ ಎಂದ. ಅವಳಿಗೆ ಕೇಳಿಸಲ್ಲ, ಆದ್ರೆ ತುಟಿ ನೋಡಿದ್ರೆ ಎಲ್ಲ ತಿಳಿಯುತ್ತೆ ಎನ್ನುತ್ತ ಯಜಮಾನರು ಬೆವರು ಒರೆಸಿಕೊಳ್ಳಲು ಬಾಯಿಯ ಮೇಲೆ ಕೈಯೆಳೆದರು. ಕೈ ಅಲ್ಲೇ ನಿಂತಿತು. ಮೀಸೆ ಹಿಡಿದುಕೊಂಡೇ ಎದ್ದರು, ಮಂಡಿ ಮೇಜಿಗೆ ಬಡಿದು ಸ್ಕ್ರೂಗಳೆಲ್ಲ ನೆಲದ ಪಾಲಾದವು.

“ಕರೀರಿ ಅವಳನ್ನ. ಓಡಿ, ಕರೀರಿ. ನನ್ನ ಬಾಯಿ ಅವಳಿಗೆ ಕಾಣಲ್ಲ.”

ಗಿರಾಕಿ ಬಾಗಿಲಿಗೆ ಧಾವಿಸಿದ. ಎರಡು ಕೈಯಲ್ಲೂ ಒಡೆಯುವ ಸಾಮಾನು, ಕೈ ಬೀಸುವಂತಿಲ್ಲ, ಕನ್ನಡಕವಿಲ್ಲದೆ ಅವಳು ಎಷ್ಟು ದೂರವಿದ್ದಾಳೆಂದೂ ಕಾಣುವುದಿಲ್ಲ. ಯಜಮಾನರ ಮಾತನ್ನೇ ಇದ್ದಷ್ಟು ದನಿಯೆತ್ತಿ ಕೂಗಿದ. ದನಿ ಯಾರಿಗೆ ಬೇಕಿತ್ತು! ಆದರೆ ತಿರುವಿನಲ್ಲಿ ತುಟಿಗಣ್ಣಿ, ಏನೋ ಆಸೆಗೆ, ಒಂದು ಸಲ ಹಿಂದಿರುಗಿ ನೋಡಿದಳು.

ಅಂಗಡಿಯ ಬಾಗಿಲಲ್ಲಿ ಆ ನುಣ್ಣನೆಯ ಮುಖ. ತುಟಿ ಸ್ವಚ್ಛವಾಗಿ ಕಂಡಿತು. ಮುಚ್ಚಿ ತೆರೆಯಿತು, ಮುಚ್ಚಿ ತೆರೆಯಿತು. ಬಾ, ಬಾ.

ಇವತ್ತು ಒಂದು ಸಲ ಕಲಿತದ್ದು ಸಾಕಾಗಿತ್ತು. ಈ ಸಲ ತುಟಿಗಣ್ಣಿ ಮೋಸ ಹೋಗಲಿಲ್ಲ. ಇವನೂ ಪಾಪ ಅಂತಿದ್ದಾನೆ ಎಂದುಕೊಂಡು ತಿರುವು ದಾಟಿ ಹೋದಳು.